ಆಸ್ಪತ್ರೆ ಬಿಲ್ಲಿಗೆ ದುಡ್ಡು ಎಲ್ಲಿಂದ ಬರಬೇಕು? ತೆರಿಗೆ, ವಂತಿಗೆ, ಪ್ರೀಮಿಯಂ, ಜೇಬು: ಒಂದು ಹೋಲಿಕೆ

ಚುನಾವಣೆ ಬಂತೆಂದರೆ ಆರೋಗ್ಯದ ಭರವಸೆಗಳು ಸಾಲುಗಟ್ಟುತ್ತವೆ. ಒಂದು ಪಕ್ಷ ಎಲ್ಲರಿಗೂ ಉಚಿತ ಚಿಕಿತ್ಸೆ ಎನ್ನುತ್ತದೆ. ಇನ್ನೊಂದು ಎಲ್ಲರಿಗೂ ವಿಮೆ ಎನ್ನುತ್ತದೆ. ಜನ ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಳ್ಳಲಿ, ಸರ್ಕಾರ ಅಡ್ಡ ಬರಬಾರದು ಎನ್ನುವ ಪಕ್ಷವೂ ಇರುತ್ತದೆ. ಮೂರೂ ಕೇಳಲು ಚೆನ್ನಾಗಿಯೇ ಇರುತ್ತವೆ. ಆದರೆ ವೈದ್ಯರ ಸಂಬಳ, ಔಷಧಿಯ ಬೆಲೆ, ಸ್ಕ್ಯಾನಿಂಗ್ ಯಂತ್ರದ ಖರ್ಚು ಎಲ್ಲಕ್ಕೂ ಕೊನೆಗೆ ದುಡ್ಡು ಹಾಕುವವರು ಜನರೇ. ತೆರಿಗೆಯಾಗಿ ಕೊಡಬಹುದು, ಸಂಬಳದಲ್ಲಿ ಕಡಿತವಾಗಿ ಕೊಡಬಹುದು, ವಿಮೆಯ ಪ್ರೀಮಿಯಂ ಆಗಿ ಕೊಡಬಹುದು, ಇಲ್ಲವೇ ಕಾಯಿಲೆ ಬಿದ್ದ ದಿನ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಎಣಿಸಿ ಕೊಡಬಹುದು. ಯಾವ ದೇಶದ ಯಾವ ಯೋಜನೆಯನ್ನು ಬಿಚ್ಚಿ ನೋಡಿದರೂ ಒಳಗಿರುವುದು ಈ ನಾಲ್ಕರದೇ ಬೆರಕೆ.

ಹಾಗಾಗಿ ಯಾರಾದರೂ ಹೊಸ ಆರೋಗ್ಯ ಯೋಜನೆಯ ಮಾತೆತ್ತಿದರೆ ನಾನು ಮೊದಲು ಎರಡು ಸಂಗತಿ ಹುಡುಕುತ್ತೇನೆ. ದುಡ್ಡನ್ನು ಯಾವಾಗ ಕೇಳುತ್ತಾರೆ, ಗಟ್ಟಿಮುಟ್ಟಾಗಿ ದುಡಿಯುವಾಗಲೋ ಹಾಸಿಗೆ ಹಿಡಿದಾಗಲೋ? ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ನನ್ನ ವರಮಾನವೋ, ನನ್ನ ರೋಗವೋ? ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿದ್ದಾಗ, ವರಮಾನಕ್ಕೆ ತಕ್ಕಂತೆ, ಎಲ್ಲರಿಂದಲೂ ಕಡ್ಡಾಯವಾಗಿ ಕೂಡಿಸುವ ವ್ಯವಸ್ಥೆ ಯಾವ ಹೆಸರಿನದ್ದಾದರೂ ಒಪ್ಪತಕ್ಕದ್ದು. ಕಾಯಿಲೆಯ ಹೊತ್ತಿನಲ್ಲಿ ಕೈ ಚಾಚುವ ವ್ಯವಸ್ಥೆ ಎಷ್ಟೇ ಆಕರ್ಷಕ ಹೆಸರು ಹೊತ್ತು ಬಂದರೂ ಕೆಟ್ಟದ್ದೇ.

ಉಳಿದೆಲ್ಲ ಸರಕಿನಂತೆ ಚಿಕಿತ್ಸೆಯನ್ನೂ ಕೊಂಡು ಮಾರಲು ಬಿಟ್ಟರೇನು ಎಂಬ ಪ್ರಶ್ನೆ ಹಳೆಯದು. 1963ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಬರೆದ ಪ್ರಬಂಧವೊಂದು ಇದಕ್ಕೆ ಕೊಟ್ಟ ಉತ್ತರ ಇವತ್ತಿಗೂ ಹಳಸಿಲ್ಲ. ಕಾಯಿಲೆ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಬಂದ ಮೇಲೆ ಏನು ಬೇಕೆಂಬುದು ರೋಗಿಗಿಂತ ವೈದ್ಯರಿಗೆ ಹೆಚ್ಚು ಗೊತ್ತಿರುತ್ತದೆ. ಕೊಟ್ಟ ದುಡ್ಡಿಗೆ ತಕ್ಕ ಮಾಲು ಸಿಕ್ಕಿತೇ ಎಂದು ಪರೀಕ್ಷಿಸುವ ಶಕ್ತಿ ಕೊಳ್ಳುವವರಿಗೆ ಇರುವುದಿಲ್ಲ. ಇದರ ಜೊತೆಗೆ ಖರ್ಚು ಹಂಚಿಕೆಯಾಗುವ ರೀತಿಯೂ ವಿಚಿತ್ರ. ಅಮೆರಿಕದ ಲೆಕ್ಕದಲ್ಲಿ, ಯಾವುದೇ ಒಂದು ವರ್ಷ ತೆಗೆದುಕೊಂಡರೂ ಅತಿ ಹೆಚ್ಚು ಖರ್ಚಿನ ಶೇ 5ರಷ್ಟು ಜನರ ಮೇಲೆಯೇ ಒಟ್ಟು ಚಿಕಿತ್ಸಾ ವೆಚ್ಚದ ಸುಮಾರು ಅರ್ಧದಷ್ಟು ಬೀಳುತ್ತದೆ. ಆ ಐದರಲ್ಲಿ ಮುಂದಿನ ವರ್ಷ ಯಾರಿರುತ್ತಾರೋ ಹೇಳಲಾಗದು.

ವಿಮೆ ಹುಟ್ಟಿದ್ದೇ ಇದಕ್ಕಾಗಿ. ಆದರೆ ವಿಮೆಯನ್ನು ಜನರ ಇಷ್ಟಕ್ಕೆ ಬಿಟ್ಟರೆ ಇನ್ನೊಂದು ತೊಡಕು ತಲೆ ಎತ್ತುತ್ತದೆ. ಗಟ್ಟಿಮುಟ್ಟಾದವರು ‘ಈಗಲೇ ಏಕೆ’ ಎಂದು ಹೊರಗುಳಿಯುತ್ತಾರೆ. ಕಾಯಿಲೆಯ ಸುಳಿವು ಸಿಕ್ಕವರು ಒಳಗೆ ಬರುತ್ತಾರೆ. ಖರ್ಚು ಏರಿ ಪ್ರೀಮಿಯಂ ಏರುತ್ತದೆ, ಆಗ ಇನ್ನಷ್ಟು ಆರೋಗ್ಯವಂತರು ಬಿಟ್ಟು ಹೋಗುತ್ತಾರೆ. ಕಂಪನಿ ತನ್ನ ಕಡೆಯಿಂದ ಸಕ್ಕರೆ ಕಾಯಿಲೆ ಇದ್ದವರನ್ನು, ಹೃದಯದ ತೊಂದರೆ ಇದ್ದವರನ್ನು ಬಾಗಿಲಲ್ಲೇ ತಡೆಯುತ್ತದೆ. ಯಾರಿಗೆ ವಿಮೆ ಬೇಕೋ ಅವರಿಗೇ ಅದು ಸಿಗದಂತಾಗುವುದು ಹೀಗೆ. ಇದರಿಂದ ಪಾರಾಗಲು ಇರುವ ದಾರಿ ಕಡ್ಡಾಯ ಒಂದೇ. ಆ ಕಡ್ಡಾಯವನ್ನು ಯಾವ ರೂಪದಲ್ಲಿ ತರಬೇಕು ಎಂಬುದರ ಸುತ್ತಲೇ ಸುಮಾರು ನೂರೈವತ್ತು ವರ್ಷದಿಂದ ರಾಜಕೀಯ ಹಗ್ಗಜಗ್ಗಾಟ ನಡೆದಿದೆ.

ಜೇಬಿನಿಂದ ಕೊಡುವುದು

ಇದನ್ನು ವ್ಯವಸ್ಥೆ ಎನ್ನುವುದಕ್ಕಿಂತ ವ್ಯವಸ್ಥೆಯ ಗೈರುಹಾಜರಿ ಎನ್ನಬೇಕು. ಮನೆಯ ಖರ್ಚಿನಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಚಿಕಿತ್ಸೆಗೇ ಹೋದರೆ ಅದನ್ನು ಕುಟುಂಬವನ್ನು ಮುಳುಗಿಸುವ ವೆಚ್ಚ ಎಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿತ್ತು. ಹೀಗೆ ಮುಳುಗಿದವರು ಮತ್ತು ಚಿಕಿತ್ಸೆಯ ಖರ್ಚಿನಿಂದಲೇ ಬಡತನಕ್ಕೆ ಜಾರಿದವರು ಅಥವಾ ಇನ್ನಷ್ಟು ಬಡವರಾದವರು ಸೇರಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 200 ಕೋಟಿ ಎಂದು ಅದೇ ಸಂಸ್ಥೆ ಮತ್ತು ವಿಶ್ವಬ್ಯಾಂಕ್ ಜಂಟಿಯಾಗಿ ಲೆಕ್ಕ ಕೊಟ್ಟಿವೆ. ಸಾಲ ಮಾಡಿದವರು, ಒಡವೆ ಅಡವಿಟ್ಟವರು ಈ ಲೆಕ್ಕಕ್ಕೆ ಸಿಗುತ್ತಾರೆ. ದುಡ್ಡಿಲ್ಲವೆಂದು ಆಸ್ಪತ್ರೆಗೇ ಹೋಗದೆ ಉಳಿದವರು ಸಿಗುವುದಿಲ್ಲ, ಏಕೆಂದರೆ ಅವರು ಖರ್ಚೇ ಮಾಡಿರುವುದಿಲ್ಲ.

1980ರ ದಶಕದಲ್ಲಿ ಆಫ್ರಿಕಾದ ಹಲವು ದೇಶಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಶುಲ್ಕ ತಂದವು. ಬೊಕ್ಕಸಕ್ಕೆ ನೆರವಾಗುತ್ತದೆ, ಜನ ಸುಮ್ಮಸುಮ್ಮನೆ ಬರುವುದು ನಿಲ್ಲುತ್ತದೆ ಎಂಬುದು ವಾದ. ವಿಶ್ವಬ್ಯಾಂಕಿನ ಬೆಂಬಲವೂ ಇತ್ತು. 2001ರಲ್ಲಿ ಉಗಾಂಡಾ ಈ ಶುಲ್ಕವನ್ನು ತೆಗೆದುಹಾಕಿತು. ಬಡವರು ಆಸ್ಪತ್ರೆಗೆ ಬರುವುದು ಎದ್ದು ಕಾಣುವಂತೆ ಹೆಚ್ಚಿತು. ಆದರೆ ಒಳಗೆ ಔಷಧಿ ದಾಸ್ತಾನು ಮುಗಿದಾಗ ಅದೇ ಜನ ಹೊರಗಿನ ಅಂಗಡಿಯಲ್ಲಿ ಕೊಳ್ಳಬೇಕಾಯಿತು. ಶುಲ್ಕ ತೆಗೆದರೆ ಸಾಲದು, ಅದರ ಜಾಗದಲ್ಲಿ ಬೇರೆ ದುಡ್ಡು ಬಂದು ಕೂರಬೇಕು. ಉಚಿತ ಎಂಬ ಭರವಸೆ ಕೊಡುವ ಪಕ್ಷವನ್ನು ಕೇಳಲೇಬೇಕಾದ ಪ್ರಶ್ನೆ ಇದು: ಎಷ್ಟು ದುಡ್ಡು, ಯಾವ ತೆರಿಗೆಯಿಂದ, ಪ್ರತಿ ವರ್ಷವೂ ಬರುತ್ತದೆಯೇ?

ಸ್ವಂತ ಉಳಿತಾಯದಿಂದಲೇ ಚಿಕಿತ್ಸೆ ನಡೆಯಲಿ ಎನ್ನುವವರು ಸಿಂಗಪುರದ ಕಡೆ ಬೆರಳು ತೋರಿಸುತ್ತಾರೆ. 1984ರಿಂದ ಅಲ್ಲಿ ಮೆಡಿಸೇವ್ ಖಾತೆ ಇದೆ ನಿಜ. ಆದರೆ ಆ ಉಳಿತಾಯ ಕಡ್ಡಾಯ. ದೊಡ್ಡ ಖರ್ಚಿಗಾಗಿ 1990ರಲ್ಲಿ ಮೆಡಿಶೀಲ್ಡ್ ವಿಮೆ ಬಂತು, 2015ರಿಂದ ಅದೂ ಎಲ್ಲರಿಗೂ ಕಡ್ಡಾಯವಾಯಿತು. ಕಟ್ಟಲಾರದವರಿಗೆಂದು 1993ರಿಂದ ಮೆಡಿಫಂಡ್ ಇದೆ. ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಿಗೆ ದೊಡ್ಡ ಮೊತ್ತದ ಸಬ್ಸಿಡಿಯೂ ಇದೆ. ಇಷ್ಟನ್ನೂ ಬಿಟ್ಟು ಬರೀ ಉಳಿತಾಯ ಖಾತೆಯನ್ನು ಮಾತ್ರ ಎತ್ತಿಕೊಂಡು ಬಂದರೆ ಅದು ಸಿಂಗಪುರದ ಮಾದರಿ ಆಗುವುದಿಲ್ಲ.

ತೆರಿಗೆಯ ದಾರಿ

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಶುರುವಾದದ್ದು 1948ರ ಜುಲೈ 5ರಂದು. ಯುದ್ಧದ ನಡುವೆಯೇ 1942ರಲ್ಲಿ ಬಂದ ಬೆವರಿಜ್ ವರದಿ ಅದರ ಬೀಜ; ಆರೋಗ್ಯ ಸಚಿವ ಅನೈರಿನ್ ಬೆವನ್ ಅದನ್ನು ನೆಲಕ್ಕೆ ಇಳಿಸಿದವರು. ದುಡ್ಡು ಬಹುಪಾಲು ಸಾಮಾನ್ಯ ತೆರಿಗೆಯಿಂದ, ಆಸ್ಪತ್ರೆಗಳು ಬಹುಪಾಲು ಸರ್ಕಾರದವು. ಕಾಯಿಲೆ ಬಿದ್ದವರು ಹೋಗುತ್ತಾರೆ, ತೋರಿಸಿಕೊಳ್ಳುತ್ತಾರೆ, ಬರುತ್ತಾರೆ. ಬಿಲ್ಲು, ಕ್ಲೇಮು, ವಿಮಾ ಕಂಪನಿಯ ಅನುಮತಿ ಪತ್ರ ಯಾವುದೂ ಇಲ್ಲ. ಶ್ರೀಮಂತ ದೇಶಕ್ಕೆ ಮಾತ್ರ ಇದು ಸಾಧ್ಯ ಎನ್ನುವವರು ಶ್ರೀಲಂಕಾವನ್ನು ನೋಡಬೇಕು. ಅಲ್ಲಿನ ಸರ್ಕಾರಿ ಆಸ್ಪತ್ರೆಗಳು 1950ರ ದಶಕದ ಆರಂಭದಿಂದಲೂ, ನಡುವೆ ಕೆಲವು ವರ್ಷ ಅತ್ಯಲ್ಪ ಶುಲ್ಕವಿದ್ದುದನ್ನು ಬಿಟ್ಟರೆ, ತೆರಿಗೆಯ ದುಡ್ಡಿನಲ್ಲಿ ಉಚಿತವಾಗಿಯೇ ನಡೆದಿವೆ.

ಈ ದಾರಿಯ ಮೇಲಿನ ದೊಡ್ಡ ದೂರು ಕಾಯುವ ಸಾಲು. ದೂರು ನಿಜವಾದದ್ದು, ಅದನ್ನು ತಳ್ಳಿಹಾಕುವವರು ಮಂಡಿ ನೋವಿನಲ್ಲಿ ತಿಂಗಳುಗಟ್ಟಲೆ ಕೂತವರ ಕಷ್ಟ ತಿಳಿಯದವರು. ಇಂಗ್ಲೆಂಡಿನಲ್ಲಿ ತುರ್ತಲ್ಲದ ಚಿಕಿತ್ಸೆಗೆ ಕಾಯುವವರ ಪಟ್ಟಿ 2023ರಲ್ಲಿ 77 ಲಕ್ಷ ದಾಟಿತ್ತು. ಆದರೆ ಅದೇ ಪಟ್ಟಿ 2010ರ ಸುಮಾರಿಗೆ 25 ಲಕ್ಷದ ಆಸುಪಾಸಿನಲ್ಲಿತ್ತು, 18 ವಾರದೊಳಗೆ ಚಿಕಿತ್ಸೆ ಎಂಬ ಗುರಿಯೂ ಈಡೇರುತ್ತಿತ್ತು. ಎರಡೂ ಕಾಲದಲ್ಲಿ ವ್ಯವಸ್ಥೆ ಒಂದೇ, ದುಡ್ಡಿನ ಮೂಲ ಒಂದೇ. ಬದಲಾದದ್ದು ನಡುವಿನ ವರ್ಷಗಳ ಬಿಗಿ ಬಜೆಟ್ಟು, ಸಿಬ್ಬಂದಿಯ ಕೊರತೆ, ಮೇಲಿಂದ ಕೋವಿಡ್. ಹಾಗಾಗಿ ತೆರಿಗೆಯ ದಾರಿಯ ನಿಜವಾದ ದೌರ್ಬಲ್ಯವನ್ನು ಸಾಲಿನ ಹಿಂದೆ ಹುಡುಕಬೇಕು. ಪ್ರತಿ ವರ್ಷ ಆರೋಗ್ಯದ ದುಡ್ಡು ರಸ್ತೆ, ಶಾಲೆ, ಸೇನೆಯ ಜೊತೆ ಬಜೆಟ್ಟಿನಲ್ಲಿ ಗುದ್ದಾಡಬೇಕು. ಆಳುವವರ ಮನಸ್ಸು ಬದಲಾದರೆ ಸಾಲು ಉದ್ದವಾಗುತ್ತದೆ.

ಸಂಬಳದಿಂದ ವಂತಿಗೆ

ಈ ಗುದ್ದಾಟದಿಂದ ಆರೋಗ್ಯದ ದುಡ್ಡನ್ನು ಬೇರೆ ಇಡುವುದೇ ಸಾಮಾಜಿಕ ವಿಮೆಯ ಉದ್ದೇಶ. ಜರ್ಮನಿಯಲ್ಲಿ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ತಂದ ಕಾರ್ಮಿಕರ ಆರೋಗ್ಯ ವಿಮೆ ಇದರ ಮೂಲ. ಬೆಳೆಯುತ್ತಿದ್ದ ಸಮಾಜವಾದಿ ಚಳವಳಿಯಿಂದ ಕಾರ್ಮಿಕರನ್ನು ದೂರ ಸೆಳೆಯುವುದು ಅವರ ಲೆಕ್ಕಾಚಾರವಾಗಿತ್ತು. ಲೆಕ್ಕಾಚಾರ ಏನೇ ಇರಲಿ, ಸಂಸ್ಥೆ ಉಳಿಯಿತು. ಇವತ್ತು ಜರ್ಮನಿಯಲ್ಲಿ ಸಂಬಳದ ಶೇ 14.6ರಷ್ಟು ಮೂಲ ವಂತಿಗೆ, ಅರ್ಧ ನೌಕರರದು, ಅರ್ಧ ಮಾಲೀಕರದು. ಇದರ ಮೇಲೆ ಪ್ರತಿ ವಿಮಾ ನಿಧಿಯೂ ಒಂದಿಷ್ಟು ಹೆಚ್ಚುವರಿ ದರ ಹಾಕುತ್ತದೆ. ಸಂಪಾದನೆ ಇಲ್ಲದ ಗಂಡ ಅಥವಾ ಹೆಂಡತಿ, ಮಕ್ಕಳು ಬೇರೆ ದುಡ್ಡಿಲ್ಲದೆ ಅದರಲ್ಲೇ ಸೇರುತ್ತಾರೆ. ನಿಧಿಗಳು ಲಾಭಕ್ಕಾಗಿ ನಡೆಯುವವಲ್ಲ, ಸರ್ಕಾರದ ಇಲಾಖೆಗಳೂ ಅಲ್ಲ. ಸುಮಾರು ಶೇ 90ರಷ್ಟು ಜನ ಇವುಗಳಲ್ಲಿದ್ದಾರೆ. ಒಂದು ಮಿತಿಗಿಂತ ಹೆಚ್ಚು ಸಂಬಳ ಇರುವವರು ಹೊರನಡೆದು ಖಾಸಗಿ ವಿಮೆ ಮಾಡಿಸಬಹುದು. ಇದೇ ಅಲ್ಲಿನ ದೊಡ್ಡ ಜಗಳ. ಹೆಚ್ಚು ಕೊಡಬಲ್ಲವರೇ ಹೊರಗಿದ್ದರೆ ಉಳಿದವರ ಹೊರೆ ಏರುತ್ತದೆ. ಈ ಬಾಗಿಲು ಮುಚ್ಚಬೇಕೆನ್ನುವ ಪಕ್ಷಗಳ ಜೊತೆ ನನ್ನ ಸಹಮತವಿದೆ.

ವಂತಿಗೆಯ ದಾರಿಗೆ ಒಂದು ಮುಖ್ಯ ಷರತ್ತಿದೆ: ದುಡಿಯುವವರ ಕೈಯಲ್ಲಿ ಸಂಬಳದ ಚೀಟಿ ಇರಬೇಕು. ಹೊಲದಲ್ಲಿ ದುಡಿಯುವವರು, ದಿನಗೂಲಿಯವರು, ಬೀದಿಯಲ್ಲಿ ಮಾರುವವರು ಹೆಚ್ಚಿರುವ ದೇಶದಲ್ಲಿ ಯಾರ ಸಂಬಳದಿಂದ ಕಡಿಯುವುದು? ಥಾಯ್ಲೆಂಡ್ ಈ ಪ್ರಶ್ನೆಗೆ ಕೊಟ್ಟ ಉತ್ತರ ಗಮನಿಸುವಂಥದ್ದು. ಸರ್ಕಾರಿ ನೌಕರರಿಗೆ ಒಂದು ಯೋಜನೆ, ಖಾಸಗಿ ಸಂಬಳದಾರರಿಗೆ ವಂತಿಗೆಯ ಇನ್ನೊಂದು ಯೋಜನೆ ಅಲ್ಲಿ ಮೊದಲೇ ಇದ್ದವು. ಉಳಿದ ಬಹುಸಂಖ್ಯಾತರಿಂದ ವಂತಿಗೆ ಎತ್ತುವ ಪ್ರಯತ್ನವನ್ನು ಬಿಟ್ಟು, 2002ರ ಕಾನೂನಿನ ಮೂಲಕ ಅವರೆಲ್ಲರ ಖರ್ಚನ್ನು ನೇರವಾಗಿ ತೆರಿಗೆಯ ಮೇಲೆ ಹಾಕಿದರು. ಒಂದು ಭೇಟಿಗೆ 30 ಬಾತ್ ಕೊಟ್ಟರೆ ಸಾಕು ಎಂಬ ಘೋಷಣೆಯಿಂದ ಅದು ಮನೆಮಾತಾಯಿತು. ಹೊರರೋಗಿ ಸೇವೆಗಾಗಿ ಆಸ್ಪತ್ರೆಗೆ ದುಡ್ಡು ಬರುವುದು ತನ್ನಲ್ಲಿ ನೋಂದಾಯಿಸಿಕೊಂಡವರ ತಲೆಯ ಲೆಕ್ಕದಲ್ಲಿ, ಹಾಗಾಗಿ ಬೇಡದ ಪರೀಕ್ಷೆ ಬರೆದು ಬಿಲ್ ಬೆಳೆಸುವುದರಲ್ಲಿ ಅದಕ್ಕೆ ಲಾಭವಿಲ್ಲ. 2008ರಿಂದ ಡಯಾಲಿಸಿಸ್ ಕೂಡ ಇದರೊಳಗೆ ಸೇರಿತು. ಮೂತ್ರಪಿಂಡ ಸೋತ ಒಬ್ಬರಿದ್ದರೆ ಇಡೀ ಮನೆ ಹೇಗೆ ಸೋಲುತ್ತದೆಂದು ಕಂಡವರಿಗೆ ಈ ಒಂದು ಸಾಲಿನ ತೂಕ ಗೊತ್ತಾಗುತ್ತದೆ.

ದಕ್ಷಿಣ ಕೊರಿಯಾ ಬೇರೆ ಬಗೆಯಲ್ಲಿ ಹೋಯಿತು. 1977ರಲ್ಲಿ 500ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಿಂದ ಆರಂಭಿಸಿ, 1989ರ ಹೊತ್ತಿಗೆ ಎಲ್ಲರನ್ನೂ ಒಳಗೆ ತಂದಿತು. ನೂರಾರು ವಿಮಾ ಸಂಘಗಳನ್ನು 2000ದಲ್ಲಿ ಒಂದಾಗಿಸಿತು. ವೇಗವಾಗಿ ಕೈಗಾರಿಕೀಕರಣಗೊಳ್ಳುತ್ತಿದ್ದ ದೇಶಕ್ಕೆ ಅದು ಒಗ್ಗಿತು. ಸಂಬಳದ ಚೀಟಿಗಳು ತಾವಾಗಿಯೇ ಹೆಚ್ಚದ ದೇಶ ಅದೇ ದಾರಿಯಲ್ಲಿ ಹೊರಟರೆ ಅರ್ಧ ಜನ ಬಾಗಿಲ ಹೊರಗೇ ನಿಲ್ಲುತ್ತಾರೆ. ಘಾನಾ 2003ರಲ್ಲಿ ಆರೋಗ್ಯ ವಿಮೆ ತಂದಾಗ ಇದನ್ನು ಅರಿತೇ ವ್ಯಾಟ್ ಮಾದರಿಯಲ್ಲಿ ಶೇ 2.5ರ ಸೆಸ್ ಹಾಕಿತು. ಹೆಸರು ವಿಮೆ, ದುಡ್ಡು ಬಹುಪಾಲು ತೆರಿಗೆಯದು.

ಎಲ್ಲರಿಗೂ ಒಂದೇ ವಿಮೆ, ಆಸ್ಪತ್ರೆ ಯಾರದ್ದಾದರೂ

ಕೆನಡಾದ ಸಸ್ಕ್ಯಾಚವನ್ ಪ್ರಾಂತ್ಯದ ಕತೆ ಈ ಚರ್ಚೆಯಲ್ಲಿ ನನಗೆ ಅತ್ಯಂತ ಪಾಠ ಕಲಿಸಿದ್ದು. ಗೋಧಿ ಬೆಳೆಯುವ, ಅಷ್ಟೇನೂ ಸಿರಿವಂತವಲ್ಲದ ಪ್ರಾಂತ್ಯ ಅದು. ಪ್ರೀಮಿಯರ್, ಅಂದರೆ ಪ್ರಾಂತ್ಯದ ಮುಖ್ಯಮಂತ್ರಿ, ಟಾಮಿ ಡಗ್ಲಸ್ 1947ರಲ್ಲೇ ಆಸ್ಪತ್ರೆ ವಿಮೆ ತಂದಿದ್ದರು. ವೈದ್ಯರ ಶುಲ್ಕವನ್ನೂ ಒಳಗೊಳ್ಳುವ ವಿಮೆ ತರುತ್ತೇವೆಂದು 1960ರ ಚುನಾವಣೆ ಗೆದ್ದರು. ಅವರು ರಾಷ್ಟ್ರ ರಾಜಕಾರಣಕ್ಕೆ ಹೋದ ಮೇಲೆ ವುಡ್ರೋ ಲಾಯ್ಡ್ ಆ ಜಾಗಕ್ಕೆ ಬಂದರು. 1962ರ ಜುಲೈ 1ರಂದು ಯೋಜನೆ ಜಾರಿಯಾದ ದಿನವೇ ಪ್ರಾಂತ್ಯದ ಬಹುಪಾಲು ವೈದ್ಯರು ಮುಷ್ಕರ ಹೂಡಿದರು. ಸರ್ಕಾರ ತಮ್ಮನ್ನು ಗುಮಾಸ್ತರನ್ನಾಗಿ ಮಾಡುತ್ತದೆ, ರೋಗಿ ಮತ್ತು ವೈದ್ಯರ ನಡುವೆ ಬಂದು ಕೂರುತ್ತದೆ ಎಂಬುದು ಅವರ ಭಯ. ‘ನಮ್ಮ ವೈದ್ಯರನ್ನು ಉಳಿಸಿ’ ಎಂದು ನಾಗರಿಕರ ಸಮಿತಿಗಳೂ ಹುಟ್ಟಿಕೊಂಡವು. ಸರ್ಕಾರ ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿತು. 23 ದಿನದ ನಂತರ ಸಸ್ಕಟೂನ್ ನಗರದಲ್ಲಿ ರಾಜಿಯಾಯಿತು.

ರಾಜಿಯಲ್ಲಿ ಉಳಿದದ್ದೇನೆಂದರೆ, ವೈದ್ಯರು ಸರ್ಕಾರಿ ನೌಕರರಾಗಲಿಲ್ಲ. ತಮ್ಮ ಕ್ಲಿನಿಕ್ಕು ತಮ್ಮದೇ, ರೋಗಿ ತನಗೆ ಬೇಕಾದ ವೈದ್ಯರ ಬಳಿ ಹೋಗಬಹುದು. ಬಿಲ್ ಮಾತ್ರ ಸರ್ಕಾರದ ವಿಮೆಗೆ ಹೋಗುತ್ತದೆ. ಹತ್ತು ವರ್ಷದೊಳಗೆ ಇಡೀ ಕೆನಡಾ ಈ ದಾರಿಗೆ ಬಂತು. 1984ರ ಕೆನಡಾ ಆರೋಗ್ಯ ಕಾಯ್ದೆ ಮೇಲುಶುಲ್ಕಕ್ಕೆ ಕಡಿವಾಣ ಹಾಕಿತು: ರೋಗಿಯಿಂದ ಹೆಚ್ಚುವರಿ ದುಡ್ಡು ವಸೂಲಿಗೆ ಬಿಡುವ ಪ್ರಾಂತ್ಯಕ್ಕೆ ಅಷ್ಟೇ ಮೊತ್ತದ ಕೇಂದ್ರದ ಅನುದಾನ ಕಡಿತ. ಕೊರತೆಯೂ ದೊಡ್ಡದೇ. ಆಸ್ಪತ್ರೆಯ ಹೊರಗೆ ಕೊಳ್ಳುವ ಮಾತ್ರೆ, ಹಲ್ಲಿನ ಚಿಕಿತ್ಸೆ ಈ ವಿಮೆಯ ಮೂಲ ಚೌಕಟ್ಟಿನಲ್ಲಿ ಸೇರಲಿಲ್ಲ, ಆ ಲೋಪವನ್ನು ತುಂಬಲು ಅಲ್ಲಿ ಇವತ್ತಿಗೂ ಜಗ್ಗಾಟ ನಡೆದಿದೆ. ತಜ್ಞ ವೈದ್ಯರಿಗಾಗಿ ಕಾಯುವುದೂ ಅಲ್ಲಿ ದೀರ್ಘ.

ತೈವಾನ್ 1995ರ ಮಾರ್ಚ್ 1ರಂದು ಇದೇ ಮಾದರಿಗೆ ಬಂತು. ಅದಕ್ಕೂ ಮೊದಲು ಅಲ್ಲಿ ಸುಮಾರು ಶೇ 40ರಷ್ಟು ಜನಕ್ಕೆ ಯಾವ ವಿಮೆಯೂ ಇರಲಿಲ್ಲ. ಚದುರಿದ್ದ ಯೋಜನೆಗಳನ್ನು ಒಂದೇ ಸಂಸ್ಥೆಯಡಿ ತಂದು, ಎಲ್ಲರ ಕೈಗೂ ಒಂದೇ ಕಾರ್ಡು ಕೊಟ್ಟರು. ಒಬ್ಬನೇ ಕೊಳ್ಳುವವನಿದ್ದರೆ ಬೆಲೆಯ ಮೇಲೆ ಹಿಡಿತ ಎಷ್ಟು ಬಿಗಿಯಾಗುತ್ತದೆ ಎಂಬುದಕ್ಕೆ ತೈವಾನ್ ಒಳ್ಳೆಯ ಸಾಕ್ಷಿ.

ಖಾಸಗಿ ವಿಮೆ, ಆದರೆ ಕಡ್ಡಾಯ

ಸ್ವಿಟ್ಜರ್ಲೆಂಡಿನಲ್ಲಿ 1996ರಿಂದ ಪ್ರತಿಯೊಬ್ಬರೂ ಖಾಸಗಿ ಸಂಸ್ಥೆಯೊಂದರಿಂದ ಮೂಲ ವಿಮೆ ಕೊಳ್ಳಲೇಬೇಕು. ಯಾರನ್ನೂ ನಿರಾಕರಿಸುವಂತಿಲ್ಲ, ಮೂಲ ವಿಮೆಯಲ್ಲಿ ಲಾಭ ಮಾಡುವಂತಿಲ್ಲ. ಕಾಗದದ ಮೇಲೆ ಆಯ್ಕೆಯೂ ಇದೆ, ಒಳಗೊಳ್ಳುವಿಕೆಯೂ ಇದೆ. ಪಾಲಿಸಿಯ ಒಳಗೆ ಹೋಗಿ ನೋಡೋಣ. ವಯಸ್ಕರಿಗೆ ಹಲವು ವರ್ಷಗಳಿಂದ ಇರುವ ನಿಯಮದಂತೆ ವರ್ಷದ ಮೊದಲ 300 ಫ್ರಾಂಕ್ ಖರ್ಚು ರೋಗಿಯದೇ. ಅದರ ಮೇಲಿನ ಖರ್ಚಿನಲ್ಲಿ ಶೇ 10ರಷ್ಟು ರೋಗಿಯದು, ಈ ಪಾಲು ವರ್ಷಕ್ಕೆ 700 ಫ್ರಾಂಕ್ ಮೀರದು. ಆಸ್ಪತ್ರೆಗೆ ದಾಖಲಾದರೆ ದಿನಕ್ಕೆ 15 ಫ್ರಾಂಕ್ ಬೇರೆ. ಪ್ರೀಮಿಯಂ ಕಡಿಮೆಯಾಗಲಿ ಎಂದು ಮೊದಲ ಪಾಲನ್ನು 300ರ ಬದಲು 2,500 ಫ್ರಾಂಕಿನವರೆಗೂ ಏರಿಸಿಕೊಳ್ಳಬಹುದು.

ಈಗ 5,000 ಫ್ರಾಂಕಿನ ಬಿಲ್ ಬಂತೆನ್ನಿ. 300ರ ಪಾಲಿಸಿ ಇದ್ದವರು 300 ಮತ್ತು ಉಳಿದ 4,700ರ ಹತ್ತನೇ ಒಂದು, ಒಟ್ಟು 770 ಫ್ರಾಂಕ್ ಕೊಡುತ್ತಾರೆ. 2,500ರ ಪಾಲಿಸಿ ಇದ್ದವರು 2,500 ಮತ್ತು 250, ಒಟ್ಟು 2,750. ಬಿಲ್ 20,000 ಆದರೆ ಮೊದಲನೆಯವರದು 1,000ಕ್ಕೆ ನಿಲ್ಲುತ್ತದೆ, ಎರಡನೆಯವರದು 3,200ಕ್ಕೆ. ದೊಡ್ಡ ಪಾಲು ಆರಿಸಿಕೊಳ್ಳುವ ಧೈರ್ಯ ಯಾರಿಗಿರುತ್ತದೆ? ಗಟ್ಟಿಯಾಗಿರುವ ಯುವಕರಿಗೆ ಮತ್ತು ಕೈಯಲ್ಲಿ ಉಳಿತಾಯ ಇರುವವರಿಗೆ. ಪ್ರೀಮಿಯಂ ಕಟ್ಟಲಾಗದೆ ದೊಡ್ಡ ಪಾಲನ್ನು ಆರಿಸಿಕೊಂಡ ಬಡವರಿಗೆ ಆ 2,500 ಫ್ರಾಂಕ್ ವೈದ್ಯರ ಬಾಗಿಲಲ್ಲಿ ಹಾಕಿದ ಬೀಗವಾಗುತ್ತದೆ.

ಇನ್ನೊಂದು ತೊಡಕು, ಅಲ್ಲಿ ಪ್ರೀಮಿಯಂ ತಲೆಗಿಷ್ಟು ಎಂದು. ಬ್ಯಾಂಕಿನ ಮುಖ್ಯಸ್ಥರೂ ಅದೇ ಬ್ಯಾಂಕಿನ ನೆಲ ಒರೆಸುವವರೂ ಒಂದೇ ಊರಿನಲ್ಲಿ ಒಂದೇ ಪಾಲಿಸಿ ಕೊಂಡರೆ ಕಟ್ಟುವುದು ಒಂದೇ ಮೊತ್ತ. ಕಡಿಮೆ ವರಮಾನದವರಿಗೆ ಸಬ್ಸಿಡಿ ಇದೆ, ಆದರೂ ಮಧ್ಯಮ ವರ್ಗದವರ ಕುತ್ತಿಗೆಗೆ ಬಂದಿದೆ. 2014ರಲ್ಲಿ ಒಂದೇ ಸರ್ಕಾರಿ ವಿಮೆ ಬೇಕೇ ಎಂದು ಜನಮತ ಕೇಳಿದಾಗ ಶೇ 60ಕ್ಕೂ ಹೆಚ್ಚು ಮಂದಿ ಬೇಡವೆಂದರು. 2024ರ ಜೂನ್‌ನಲ್ಲಿ ಪ್ರೀಮಿಯಂ ವರಮಾನದ ಶೇ 10 ದಾಟಬಾರದೆಂಬ ಪ್ರಸ್ತಾವವೂ ಸೋತಿತು. ಇರುವುದರಲ್ಲಿ ನೋವಿದ್ದರೂ ಬದಲಾವಣೆಗೆ ಜನ ಅಂಜುತ್ತಾರೆ ಎಂಬುದು ಈ ರಾಜಕಾರಣದ ದೊಡ್ಡ ಸತ್ಯ. ನೆದರ್ಲೆಂಡ್ಸ್ ಕೂಡ 2006ರಲ್ಲಿ ಕಡ್ಡಾಯ ಖಾಸಗಿ ವಿಮೆಗೆ ಬಂತು. ಅಲ್ಲಿ ರೋಗಿಗಳು ಹೆಚ್ಚಿರುವ ಕಂಪನಿಗೆ ಆರೋಗ್ಯವಂತರು ಹೆಚ್ಚಿರುವ ಕಂಪನಿಯ ಪಾಲಿನಿಂದ ದುಡ್ಡು ಹೊಂದಿಸಿ ಕೊಡುವ ಏರ್ಪಾಡು ಬಲವಾಗಿದೆ. ಅದಿಲ್ಲದಿದ್ದರೆ ಕಂಪನಿಗಳು ಒಳ್ಳೆಯ ಸೇವೆಯಲ್ಲಿ ಪೈಪೋಟಿ ನಡೆಸದೆ ಆರೋಗ್ಯವಂತರನ್ನು ಬಲೆಗೆ ಹಾಕಿಕೊಳ್ಳುವುದರಲ್ಲಿ ಪೈಪೋಟಿಗೆ ಇಳಿಯುತ್ತವೆ.

ಅಮೆರಿಕವನ್ನು ಒಂದು ಮಾದರಿ ಎನ್ನಲಾಗದು, ಅದು ಹಲವು ಮಾದರಿಗಳ ತೇಪೆ. ಯುದ್ಧಕಾಲದಲ್ಲಿ, 1942ರಲ್ಲಿ, ಸಂಬಳ ಏರಿಸುವುದಕ್ಕೆ ಸರ್ಕಾರ ತಡೆ ಹಾಕಿದಾಗ ಕಂಪನಿಗಳು ನೌಕರರನ್ನು ಸೆಳೆಯಲು ಆರೋಗ್ಯ ವಿಮೆ ಕೊಡತೊಡಗಿದವು. ಅದಕ್ಕೆ ತೆರಿಗೆ ವಿನಾಯಿತಿ ಗಟ್ಟಿಯಾದ ಮೇಲೆ ವಿಮೆ ನೌಕರಿಗೆ ಅಂಟಿಕೊಂಡಿತು. ಕೆಲಸ ಹೋದರೆ ವಿಮೆಯೂ ಹೋಯಿತು. 1945ರಲ್ಲಿ ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ವಿಮೆಯ ಪ್ರಸ್ತಾವ ತಂದರೆ ವೈದ್ಯರ ಸಂಘ ಅದನ್ನು ‘ಸಮಾಜವಾದಿ ವೈದ್ಯಕೀಯ’ ಎಂದು ಹಣೆಪಟ್ಟಿ ಹಚ್ಚಿ ಸೋಲಿಸಿತು. 1965ರಲ್ಲಿ ಹಿರಿಯರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂದವು. 2010ರ ಕಾನೂನು ಕಾಯಿಲೆ ಇದ್ದವರಿಗೆ ವಿಮೆ ನಿರಾಕರಿಸುವುದನ್ನು ನಿಷೇಧಿಸಿತು, ಇದು ದೊಡ್ಡ ಗೆಲುವು. ಆದರೂ 2023ರಲ್ಲಿ ಸುಮಾರು ಶೇ 8ರಷ್ಟು ಜನ ವಿಮೆಯಿಲ್ಲದೆ ಇದ್ದರು, ದೇಶದ ಒಟ್ಟು ಉತ್ಪನ್ನದ ಶೇ 17ಕ್ಕೂ ಹೆಚ್ಚು ಆರೋಗ್ಯಕ್ಕೆ ಹೋಯಿತು. ಪ್ರೀಮಿಯಂ ಸಬ್ಸಿಡಿ ಮುಂದುವರಿಸುವ ಜಗಳದಲ್ಲಿ 2025ರ ಅಕ್ಟೋಬರ್ 1ರಿಂದ 43 ದಿನ ಅಲ್ಲಿನ ಕೇಂದ್ರ ಸರ್ಕಾರದ ಕೆಲಸವೇ ಸ್ಥಗಿತಗೊಂಡಿತ್ತು.

ಸಣ್ಣ ಶುಲ್ಕ ಎಂಬ ದೊಡ್ಡ ಪ್ರಶ್ನೆ

ಯಾವ ದಾರಿ ಹಿಡಿದರೂ ಒಂದಲ್ಲ ಒಂದು ದಿನ ಯಾರಾದರೂ ಈ ಮಾತೆತ್ತುತ್ತಾರೆ: ಪೂರ್ತಿ ಉಚಿತ ಬೇಡ, ರೋಗಿಯಿಂದಲೂ ಸ್ವಲ್ಪ ತೆಗೆದುಕೊಳ್ಳೋಣ, ಆಗ ಜವಾಬ್ದಾರಿ ಬರುತ್ತದೆ. ಬ್ರಿಟನ್ನಿನಲ್ಲಿ ಎನ್‌ಎಚ್‌ಎಸ್‌ಗೆ ಮೂರು ವರ್ಷ ತುಂಬುವ ಮೊದಲೇ ಇದು ಬಂತು. ಕೊರಿಯಾ ಯುದ್ಧದ ಸೇನಾ ಖರ್ಚು ಹೊಂದಿಸಲು 1951ರಲ್ಲಿ ಹಣಕಾಸು ಸಚಿವ ಹ್ಯೂ ಗೇಟ್‌ಸ್ಕೆಲ್ ಕನ್ನಡಕ ಮತ್ತು ಕೃತಕ ಹಲ್ಲಿನ ಮೇಲೆ ಶುಲ್ಕ ಹಾಕಿದರು. ಸೇವೆಯನ್ನು ಕಟ್ಟಿದ ಬೆವನ್ ಅದನ್ನು ಒಪ್ಪದೆ ಮಂತ್ರಿ ಪದವಿಯನ್ನೇ ಬಿಟ್ಟರು. ಮುಂದಿನ ವರ್ಷ ಔಷಧಿ ಚೀಟಿಗೂ ಶುಲ್ಕ ಬಂತು. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಈಗ ಅದನ್ನು ತೆಗೆದಿವೆ. ಇಂಗ್ಲೆಂಡ್ ಉಳಿಸಿಕೊಂಡಿದೆ, ಆದರೆ ಮಕ್ಕಳು, ಹಿರಿಯರು, ಬಡವರು, ಗರ್ಭಿಣಿಯರು ಎಂದು ವಿನಾಯಿತಿ ಕೊಡುತ್ತಾ ಹೋಗಿ ಹತ್ತರಲ್ಲಿ ಒಂಬತ್ತರಷ್ಟು ಔಷಧಿ ಉಚಿತವಾಗಿಯೇ ಹೋಗುತ್ತದೆ. ಜರ್ಮನಿ 2004ರಲ್ಲಿ ಮೂರು ತಿಂಗಳಿಗೊಮ್ಮೆ 10 ಯೂರೋ ಭೇಟಿ ಶುಲ್ಕ ಹಾಕಿತು. ಅನಗತ್ಯ ಭೇಟಿ ನಿಲ್ಲುವ ಬದಲು ಕ್ಲಿನಿಕ್ಕುಗಳಲ್ಲಿ ಲೆಕ್ಕಪತ್ರದ ಕೆಲಸ ಹೆಚ್ಚಿತು. 2012ರಲ್ಲಿ ಸಂಸತ್ತು ಒಮ್ಮತದಿಂದ ಅದನ್ನು ರದ್ದು ಮಾಡಿತು.

ಇದರ ಬಗ್ಗೆ ನಡೆದ ಅತಿ ದೊಡ್ಡ ಪ್ರಯೋಗ ಅಮೆರಿಕದ ರ‍್ಯಾಂಡ್ ಸಂಸ್ಥೆಯದು, 1970ರ ದಶಕದ ಮಧ್ಯದಿಂದ 1982ರವರೆಗೆ ನಡೆದದ್ದು. ಸಾವಿರಾರು ಜನರನ್ನು ಚೀಟಿ ಎತ್ತಿದಂತೆ ಬೇರೆಬೇರೆ ಯೋಜನೆಗಳಿಗೆ ಹಾಕಿದರು. ಕೆಲವರಿಗೆ ಪೂರ್ತಿ ಉಚಿತ, ಕೆಲವರಿಗೆ ಖರ್ಚಿನ ಪಾಲು. ಪಾಲು ಕೊಡಬೇಕಾದವರು ವೈದ್ಯರ ಬಳಿ ಹೋಗುವುದನ್ನು ಗಣನೀಯವಾಗಿ ಕಡಿಮೆ ಮಾಡಿದರು. ಸಾಮಾನ್ಯವಾಗಿ ಆರೋಗ್ಯವಾಗಿದ್ದವರ ಮೈಗೆ ಅದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ, ಇದನ್ನು ಶುಲ್ಕದ ಪರ ಇರುವವರು ಸರಿಯಾಗಿಯೇ ಹೇಳುತ್ತಾರೆ. ಆದರೆ ಜನ ಕೈಬಿಟ್ಟದ್ದು ಬೇಡದ ಚಿಕಿತ್ಸೆಯನ್ನು ಮಾತ್ರವಲ್ಲ, ಬೇಕಾದದ್ದನ್ನೂ ಅಷ್ಟೇ ಪ್ರಮಾಣದಲ್ಲಿ. ರಕ್ತದೊತ್ತಡ ಇದ್ದ ಬಡವರಿಗೆ ಉಚಿತ ಯೋಜನೆಯಲ್ಲಿ ಒಳ್ಳೆಯದಾಯಿತು, ಶುಲ್ಕದ ಯೋಜನೆಯಲ್ಲಿ ಆಗಲಿಲ್ಲ. ಇದರಲ್ಲಿ ಅಚ್ಚರಿಯೇನೂ ಇಲ್ಲ. ಎದೆ ನೋವು ಗ್ಯಾಸಿನದೋ ಹೃದಯದ್ದೋ ಎಂದು ಮನೆಯಲ್ಲೇ ತೀರ್ಮಾನಿಸುವಂತಿದ್ದರೆ ವೈದ್ಯರೇ ಬೇಕಿರಲಿಲ್ಲ. ದುಬಾರಿ ಸ್ಕ್ಯಾನ್ ಬರೆಯುವವರು, ಔಷಧಿಗೆ ಬೆಲೆ ಕಟ್ಟುವವರು ಬೇರೆ, ದಂಡ ತೆರುವವರು ರೋಗಿಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಶುಲ್ಕ ಇರಲೇಬೇಕು ಎನ್ನುವ ಸ್ಥಿತಿ ಬಂದರೆ ಜಪಾನಿನ ಕ್ರಮ ಮೇಲು. ಅಲ್ಲಿ ಬಹುಪಾಲು ವಯಸ್ಕರು ಬಿಲ್ಲಿನ ಶೇ 30 ಕೊಡುತ್ತಾರೆ, ಆದರೆ ವರಮಾನಕ್ಕೆ ತಕ್ಕಂತೆ ತಿಂಗಳಿಗೊಂದು ಮಿತಿ ಇದೆ. ಅದನ್ನು ದಾಟಿದ್ದು ವಿಮೆಯದು. 2025ರಲ್ಲಿ ಸರ್ಕಾರ ಆ ಮಿತಿಯನ್ನು ಏರಿಸಲು ಹೊರಟಾಗ ಕ್ಯಾನ್ಸರ್ ರೋಗಿಗಳ ಸಂಘಗಳು ಎದ್ದು ನಿಂತವು, ಆ ವರ್ಷದ ಏರಿಕೆ ನಿಂತುಹೋಯಿತು. ಪ್ರಣಾಳಿಕೆಯಲ್ಲಿ ‘ಸಹಪಾವತಿ’ ಎಂಬ ಮಾತು ಕಂಡರೆ ಪ್ರಮಾಣಕ್ಕಿಂತ ಮೊದಲು ವರ್ಷದ ಮಿತಿ ಎಷ್ಟೆಂದು ಹುಡುಕಿ. ಮಿತಿ ಬರೆದಿಲ್ಲವೆಂದರೆ ಆ ಯೋಜನೆ ದೊಡ್ಡ ಕಾಯಿಲೆಗೆ ಆಗಿಬರುವುದಿಲ್ಲ.

ಬೆಲೆ ಕಟ್ಟುವವರು ಯಾರು

ದುಡ್ಡು ಎಲ್ಲಿಂದ ಬರುತ್ತದೆ ಎಂಬುದರಲ್ಲೇ ಮುಳುಗಿ, ಅದು ಎಷ್ಟು ಬೇಗ ಕರಗುತ್ತದೆ ಎಂಬುದನ್ನು ಮರೆಯಬಾರದು. ಜಪಾನಿನಲ್ಲಿ ಪ್ರತಿ ಚಿಕಿತ್ಸೆಗೂ ದೇಶಕ್ಕೆಲ್ಲ ಒಂದೇ ದರಪಟ್ಟಿ, ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆ. ಅಮೆರಿಕದಲ್ಲಿ ಕೋಟ್ಯಂತರ ಹಿರಿಯರಿಗೆ ಔಷಧಿ ಕೊಡಿಸುವ ಮೆಡಿಕೇರ್, ಕಂಪನಿಗಳ ಜೊತೆ ಬೆಲೆ ಚೌಕಾಸಿ ಮಾಡಕೂಡದು ಎಂದು 2003ರ ಕಾನೂನೇ ಹೇಳಿತ್ತು. 2022ರ ಕಾನೂನು ಆ ತಡೆಯನ್ನು ಸಡಿಲಿಸಿತು. ಮೊದಲ 10 ಔಷಧಿಗಳ ಚೌಕಾಸಿ ಬೆಲೆ ಜಾರಿಗೆ ಬಂದದ್ದು 2026ರ ಜನವರಿಯಲ್ಲಿ. ಯಾವ ಸರ್ಕಾರ ವಿಮೆಗೆ ದುಡ್ಡು ಸುರಿಯುತ್ತದೋ, ಆದರೆ ದರದ ಮೇಲೆ ಕೈ ಇಡುವುದಿಲ್ಲವೋ, ಆ ದುಡ್ಡು ಆಸ್ಪತ್ರೆ ಮತ್ತು ಔಷಧಿ ಕಂಪನಿಗಳ ದರ ಏರಿಕೆಯಲ್ಲಿ ಸೋರಿಹೋಗುತ್ತದೆ.

ಹಾಗಾದರೆ ಯಾವುದನ್ನು ಆರಿಸುವುದು? ಸಂಬಳದ ಚೀಟಿ ಇರುವವರೇ ಹೆಚ್ಚಿರುವ ದೇಶಕ್ಕೆ ವಂತಿಗೆಯ ದಾರಿ ಗಟ್ಟಿ, ಅದು ಬಜೆಟ್ಟಿನ ಏರಿಳಿತದಿಂದ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ. ಅಂಥವರು ಕಡಿಮೆ ಇದ್ದರೆ ತೆರಿಗೆಯೇ ಸರಿ, ಥಾಯ್ಲೆಂಡಿನಂತೆ. ಖಾಸಗಿ ಆಸ್ಪತ್ರೆಗಳು ಈಗಾಗಲೇ ಊರೂರಿಗೆ ಹಬ್ಬಿರುವಲ್ಲಿ ಎಲ್ಲವನ್ನೂ ಸರ್ಕಾರ ವಹಿಸಿಕೊಳ್ಳುವುದು ಕಷ್ಟ. ಅಲ್ಲಿ ಕೆನಡಾ, ತೈವಾನಿನಂತೆ ಒಂದೇ ವಿಮೆ ತಂದು ದರ ನಿಗದಿಯ ಅಧಿಕಾರವನ್ನು ಅದರ ಕೈಗೆ ಕೊಡುವುದು ಹೊಂದುತ್ತದೆ. ಕಡ್ಡಾಯ ಖಾಸಗಿ ವಿಮೆಯನ್ನು ನಾನು ಕೊನೆಯಲ್ಲಿ ಇಡುತ್ತೇನೆ. ಅದಕ್ಕೆ ಬೇಕಾದಷ್ಟು ನಿಗಾ ಇಡಬಲ್ಲ ಸರ್ಕಾರಕ್ಕೆ ತಾನೇ ವಿಮೆ ನಡೆಸುವ ಶಕ್ತಿಯೂ ಇರುತ್ತದೆ.

ಇನ್ನು ಲೆಕ್ಕದ ವಿಷಯ. ಅಮೆರಿಕದ ವರ್ಮಾಂಟ್ ರಾಜ್ಯ 2011ರಲ್ಲಿ ಒಂದೇ ಸಾರ್ವಜನಿಕ ವಿಮೆಯ ಕಾನೂನು ಮಾಡಿತ್ತು. 2014ರ ಡಿಸೆಂಬರಿನಲ್ಲಿ ರಾಜ್ಯದ ಚುನಾಯಿತ ಮುಖ್ಯಸ್ಥ, ಗವರ್ನರ್ ಪೀಟರ್ ಶಮ್ಲಿನ್ ಅದನ್ನು ಕೈಬಿಟ್ಟರು. ಮಾಲೀಕರ ಮೇಲೆ ಸಂಬಳದ ಶೇ 11.5ರಷ್ಟು ಹೊಸ ತೆರಿಗೆ, ಜನರ ಮೇಲೆ ವರಮಾನದ ಶೇ 9.5ರವರೆಗೆ ಬೇಕಾಗುತ್ತದೆಂದು ಲೆಕ್ಕ ಬಂದದ್ದೇ ಕಾರಣ. ಆ ಎರಡು ಅಂಕಿಗಳು ಎಲ್ಲರ ಬಾಯಲ್ಲೂ ಓಡಾಡಿದವು. ಅದೇ ಜನ, ಅದೇ ಮಾಲೀಕರು ಅಲ್ಲಿಯವರೆಗೆ ವಿಮಾ ಕಂಪನಿಗಳಿಗೆ ಕಟ್ಟುತ್ತಿದ್ದ ಪ್ರೀಮಿಯಂ ಹೊಸ ಯೋಜನೆಯಲ್ಲಿ ನಿಂತುಹೋಗುತ್ತಿತ್ತು ಎಂಬುದು ಅಷ್ಟು ಓಡಾಡಲಿಲ್ಲ. ಕೆಲವರಿಗೆ ಲಾಭವಾಗುತ್ತಿತ್ತು, ಕೆಲವರಿಗೆ ನಷ್ಟ, ಸಣ್ಣ ಉದ್ದಿಮೆಗಳಿಗೆ ಹೊಡೆತ ಬೀಳುವ ಭಯ ನಿಜವೇ ಇತ್ತು. ಹೊಸ ಯೋಜನೆಯ ತೆರಿಗೆಯ ಅಂಕಿ ನಿಮ್ಮ ಮುಂದೆ ಬಂದಾಗ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆಯಿರಿ. ಈಗ ವರ್ಷಕ್ಕೆ ಕಟ್ಟುವ ಪ್ರೀಮಿಯಂ, ಮಾಲೀಕರು ನಿಮ್ಮ ಹೆಸರಲ್ಲಿ ಕಟ್ಟುವ ಪಾಲು, ಕಳೆದ ವರ್ಷ ಆಸ್ಪತ್ರೆ ಮತ್ತು ಔಷಧಿ ಅಂಗಡಿಯಲ್ಲಿ ಕೈಯಿಂದ ಹಾಕಿದ್ದು, ಇವಿಷ್ಟನ್ನೂ ಅಲ್ಲಿ ಬರೆಯಿರಿ. ಆ ಮೇಲೆ ಕೂಡಿಸಿ.